ತೂಕ ಇಳಿಯುವುದು ನಿಂತುಹೋದಾಗ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಮಧ್ಯಾಹ್ನದ ಆರೋಗ್ಯ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಒಬ್ಬಟ್ಟಿನ ಊಟ ಬಡಿಸಿ, ಅದರ ಮೇಲೆ ತುಪ್ಪ ಸುರಿದು, ತೂಕ ಇಳಿಸುವ ವಿಚಾರ ಮಾತಾಡು ಅಂತ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಸಮಿತಿಯವರು ಬೇಕೆಂದೇ ಹೀಗೆ ಮಾಡಿದರೋ ಏನೋ. ಇವತ್ತಿನ ಒಬ್ಬಟ್ಟಿನ ಮೇಲೆ ನನ್ನ ತಕರಾರಿಲ್ಲ. ವರ್ಷಕ್ಕೆ ಹತ್ತು ದಿನ ಒಬ್ಬಟ್ಟು ತಿಂದು ಯಾರಿಗೂ ಸಕ್ಕರೆ ಕಾಯಿಲೆ ಬರುವುದಿಲ್ಲ. ಉಳಿದ 355 ದಿನ ಏನಾಗುತ್ತದೆ ಅನ್ನುವುದೇ ನನ್ನ ಮಾತು.

ಅದರಲ್ಲೂ ಒಂದೇ ಒಂದು ವಿಚಾರ ಹಿಡಿದುಕೊಂಡು ಬಂದಿದ್ದೇನೆ. ತೂಕ ಇಳಿಸಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಳಿಯುತ್ತಿದ್ದ ತೂಕ ನಡುದಾರಿಯಲ್ಲಿ ನಿಂತುಬಿಟ್ಟರೆ ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ನನ್ನ ಕೋಣೆಗೆ ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು ಇದು: "ಮೊದಮೊದ್ಲು ಚೆನ್ನಾಗಿ ಇಳೀತು ಡಾಕ್ಟ್ರೇ, ಆಮೇಲೆ ನಿಂತೋಯ್ತು. ಎಷ್ಟು ನಡುದ್ರೂ ಅಷ್ಟೇ, ಎಷ್ಟು ಬಿಟ್ರೂ ಅಷ್ಟೇ." ಇಂಗ್ಲಿಷಿನವರು ಇದಕ್ಕೆ ಪ್ಲೇಟೋ ಅನ್ನುತ್ತಾರೆ. ಪ್ರಸ್ಥಭೂಮಿ. ಭೂಗೋಳದ ಮೇಷ್ಟ್ರು ನಕ್ಷೆಯ ಮೇಲೆ ಕೋಲಿಟ್ಟು ದಖ್ಖನ್ ಪ್ರಸ್ಥಭೂಮಿ ತೋರಿಸುತ್ತಿದ್ದರಲ್ಲ, ಅದೇ ಪದ. ಘಟ್ಟ ಹತ್ತಿ ಬಂದ ಮೇಲೆ ನೆಲ ಮಟ್ಟಸವಾಗಿ ಹರಡಿಕೊಳ್ಳುವ ಹಾಗೆ, ತೂಕವೂ ಒಂದು ಮಟ್ಟಕ್ಕೆ ಬಂದು ಹರಡಿಕೊಂಡು ಕೂತುಬಿಡುತ್ತದೆ.

ಐವತ್ತು ವರ್ಷದ ಹಿಂದೆ ಈ ಶಾಲೆ ಶುರುವಾದಾಗ ಈ ಊರಲ್ಲಿ ಇಂಥ ಭಾಷಣ ಇಟ್ಟಿದ್ದರೆ ಜನ ನಗುತ್ತಿದ್ದರು. ಆಗಿನ ಚಿಂತೆ ಹೊಟ್ಟೆ ತುಂಬುವುದರದ್ದು. ಈಗ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ ನೂರು ಹೆಂಗಸರಲ್ಲಿ, ನೂರು ಗಂಡಸರಲ್ಲಿ ಸುಮಾರು 30 ಜನಕ್ಕೆ ತೂಕ ಹೆಚ್ಚಿದೆ. ತಿನ್ನುವುದು ಹೆಚ್ಚಾಯಿತು ಅನ್ನುವುದಕ್ಕಿಂತ ಮೈಗೆ ಕೆಲಸ ಹೋಯಿತು ಅನ್ನುವುದು ನಮ್ಮ ಊರಿನ ಮಟ್ಟಿಗೆ ಹೆಚ್ಚು ನಿಜ. ಬಾವಿ ಸೇದುವುದು ಹೋಗಿ ನಲ್ಲಿ ಬಂತು, ಒರಳುಕಲ್ಲು ಹೋಗಿ ಮಿಕ್ಸಿ ಬಂತು, ಸೈಕಲ್ ಹೋಗಿ ಬೈಕು ಬಂತು. ಬಂದದ್ದು ಒಳ್ಳೆಯದೇ. ನಮ್ಮವ್ವ ಸೇದಿದ ನೀರನ್ನು ನನ್ನ ಮಗಳೂ ಸೇದಲಿ ಅಂತ ನಾನು ಹೇಳುವುದಿಲ್ಲ. ಆದರೆ ತಟ್ಟೆ ಮಾತ್ರ ಬಾವಿ ಸೇದುವ ಕಾಲದ್ದೇ ಉಳಿದಿದೆ, ಮೇಲೆ ಬೇಕರಿ ತಿಂಡಿಯೂ ಸೇರಿದೆ.

ಒಬ್ಬ ಹೆಣ್ಣುಮಗಳ ವಿಚಾರ ಹೇಳುತ್ತೇನೆ, ಹೆಸರು ಬೇಡ. 48 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ ಮೂರು ವರ್ಷ, ತೂಕ 78 ಕಿಲೋ. ಬೆಳಗ್ಗೆ ಕೆರೆ ಏರಿ ಮೇಲೆ ನಡೆಯುವುದು, ರಾತ್ರಿ ಅನ್ನ ಕಡಿಮೆ, ಸಿಹಿ ಬಂದ್. ಐದು ತಿಂಗಳಲ್ಲಿ 71ಕ್ಕೆ ಬಂದರು. ಬೀದಿಯಲ್ಲೆಲ್ಲ ಹೊಗಳಿಕೆ. ಆಮೇಲೆ ಎಂಟು ವಾರ ಮುಳ್ಳು ಅಲ್ಲಾಡಲಿಲ್ಲ. ಅವರು ಏನು ಮಾಡಿದರು? ರಾತ್ರಿ ಊಟ ಪೂರ್ತಿ ಬಿಟ್ಟರು, ಮಾತ್ರೆ ಮಾತ್ರ ಬಿಡಲಿಲ್ಲ. ಅವರು ತೆಗೆದುಕೊಳ್ಳುತ್ತಿದ್ದದ್ದು ಹೊಟ್ಟೆಯಲ್ಲಿ ಊಟ ಇದ್ದರೂ ಇಲ್ಲದಿದ್ದರೂ ರಕ್ತದ ಸಕ್ಕರೆ ಎಳೆದು ಇಳಿಸುವ ಜಾತಿಯ ಮಾತ್ರೆ. ಒಂದು ಬೆಳಗಿನ ಜಾವ ಬಚ್ಚಲಿನಲ್ಲಿ ಬೆವತು ಬಿದ್ದರು. ಮಗ ಬಾಯಿಗೆ ಸಕ್ಕರೆ ನೀರು ಹಾಕಿ ಎತ್ತಿಕೊಂಡು ಬಂದ. ಪ್ರಜ್ಞೆ ಪೂರ್ತಿ ತಪ್ಪಿರಲಿಲ್ಲ, ಅದು ಪುಣ್ಯ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಇದನ್ನು ಮಕ್ಕಳೂ ನೆನಪಿಟ್ಟುಕೊಳ್ಳಿ.

ಅವರು ಹುಷಾರಾದ ಮೇಲೆ ಕೇಳಿದ್ದು: "ಇಷ್ಟು ಮಾಡಿದ್ರೂ ಯಾಕೆ ಇಳೀಲಿಲ್ಲ ಹೇಳಿ." ಆ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ನನ್ನ ಕೆಲಸ.

ಮೊದಲ ಎರಡು ವಾರ ಸರಸರ ಇಳಿಯುವ ತೂಕದಲ್ಲಿ ಹೆಚ್ಚಿನ ಪಾಲು ನೀರು. ನಮ್ಮ ಪಿತ್ತಜನಕಾಂಗ, ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನುವ ಹಿಟ್ಟಿನ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಕರಗುವುದು ಈ ದಾಸ್ತಾನು, ಜೊತೆಗೆ ಅದರ ನೀರು. ಕೊಬ್ಬು ಕರಗುವುದು ನಿಧಾನ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 300 ಕ್ಯಾಲೊರಿ ಕಡಿಮೆ ಮಾಡಿದರೂ ಒಂದು ಕಿಲೋಗೆ ಸುಮಾರು 26 ದಿನ ಬೇಕು. ಹೀಗಾಗಿ ಎರಡನೇ ತಿಂಗಳು ನಿಧಾನವಾಯಿತು ಅಂತ ಗಾಬರಿಯಾಗುವವರು ಗಾಬರಿಯಾಗಬೇಕಿಲ್ಲ. ಅಸಲಿ ಕೆಲಸ ಆಗಷ್ಟೇ ಶುರುವಾಗಿರುತ್ತದೆ.

ನಿಜವಾಗಿ ನಿಲ್ಲುವುದು ಆಮೇಲೆ, ಬಹಳ ಜನಕ್ಕೆ ಆರು ತಿಂಗಳ ಆಸುಪಾಸಿನಲ್ಲಿ. ಮಳೆ ಕೈಕೊಟ್ಟ ವರ್ಷ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿತ್ತು, ಹಿರಿಯರಿಗೆ ಗೊತ್ತು. ಕಣಜದಲ್ಲಿ ರಾಗಿ ಇಳಿಯುತ್ತಿದೆ ಅಂತ ಕಂಡ ತಕ್ಷಣ ಮನೆಯ ಹೆಂಗಸು ಯಾರಿಗೂ ಹೇಳದೆ ಖರ್ಚು ಬಿಗಿ ಮಾಡುತ್ತಿದ್ದಳು. ಮೈ ಕೂಡ ಹಾಗೇ. ನಾವು ಸಕ್ಕರೆ ಕಾಯಿಲೆ ತಡೆಯಲು ಊಟ ಕಡಿಮೆ ಮಾಡಿದೆವು ಅಂತ ಮೈಗೆ ಗೊತ್ತಾಗುವುದಿಲ್ಲ, ಬರಗಾಲ ಬಂತು ಅಂದುಕೊಳ್ಳುತ್ತದೆ. ಕೊಬ್ಬಿನ ಕಣಜದಲ್ಲಿ ಎಷ್ಟಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ಲೆಪ್ಟಿನ್ ಅನ್ನುವ ರಸದೂತವನ್ನು 1994ರಲ್ಲಿ ಕಂಡುಹಿಡಿದರು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ, ಮೆದುಳು ಹಸಿವನ್ನು ಏರಿಸುತ್ತದೆ, ಖರ್ಚನ್ನು ಇಳಿಸುತ್ತದೆ.

ಇದನ್ನು ಮನುಷ್ಯರ ಮೇಲೆ ಅಳೆದು ನೋಡಿದ್ದಾರೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ಯುದ್ಧದಲ್ಲಿ ಹಸಿದ ಯುರೋಪಿನ ಜನಕ್ಕೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯುವುದಕ್ಕೆ. ಯುದ್ಧ ಮಾಡಲೊಪ್ಪದ ಆ ಹುಡುಗರು ತಾವಾಗಿಯೇ ಮುಂದೆ ಬಂದಿದ್ದರು. ದಿನಕ್ಕೆ ಸುಮಾರು 1,600 ಕ್ಯಾಲೊರಿ ಊಟ, ವಾರಕ್ಕೆ 35 ಕಿಲೋಮೀಟರ್ ನಡಿಗೆ. ತೂಕ ಕಾಲುಭಾಗ ಹೋಯಿತು. ಆದರೆ ಸುಮ್ಮನೆ ಮಲಗಿದ್ದಾಗ ಮೈ ಮಾಡುವ ಖರ್ಚೂ ನೂರಕ್ಕೆ ಸುಮಾರು 40ರಷ್ಟು ಇಳಿದಿತ್ತು. ಕೊನೆಕೊನೆಗೆ ಅದೇ ಊಟ, ಅದೇ ನಡಿಗೆ, ತೂಕ ಮಾತ್ರ ಮೊದಲಿನ ಹಾಗೆ ಇಳಿಯಲಿಲ್ಲ. ಆ ಹುಡುಗರು ತಟ್ಟೆ ನೆಕ್ಕುತ್ತಿದ್ದರು, ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದುತ್ತಿದ್ದರು, ಸಣ್ಣದಕ್ಕೆಲ್ಲ ಸಿಡಿಮಿಡಿಗುಟ್ಟುತ್ತಿದ್ದರು. ಮನೆಯಲ್ಲಿ ಯಾರಾದರೂ ಊಟ ಬಿಟ್ಟು ತೂಕ ಇಳಿಸುತ್ತಿದ್ದರೆ ಕೊನೆಯ ಮಾತು ನಿಮಗೆ ಅರ್ಥವಾಗುತ್ತದೆ.

ಇನ್ನೊಂದು ಲೆಕ್ಕ, ಇದು ಈಚಿನದು. ಒಂದು ಕಿಲೋ ತೂಕ ಇಳಿದರೆ ಮೈಯ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚು ಕೇಳುತ್ತದೆ ಅಂತ ಅಂದಾಜು ಮಾಡಿದ್ದಾರೆ. ನಮ್ಮ ಅಕ್ಕನಿಗೆ ಹಾಕಿ ನೋಡಿ. 7 ಕಿಲೋ ಇಳಿದಿದೆ. ಖರ್ಚು 140ರಿಂದ 210 ಕಡಿಮೆ. ಹಸಿವು 700 ಹೆಚ್ಚು ಕೇಳುತ್ತಿದೆ. ಅವರು 700 ತಿನ್ನಲಿಲ್ಲ, ತಡೆದರು. ಆದರೆ ಅದರಲ್ಲಿ ಒಂದು 150 ಎಲ್ಲೋ ಗೊತ್ತಾಗದೆ ಒಳಗೆ ಹೋದರೂ ಸಾಕು, ಅವರು ಶುರುವಿನಲ್ಲಿ ಮಾಡಿದ 300, 350ರ ಉಳಿತಾಯ ಪೂರ್ತಿ ಮುಗಿದುಹೋಗುತ್ತದೆ. ಜಮಾ ಖರ್ಚು ಸರಿಸಮ. ಮುಳ್ಳು ನಿಂತಿತು.

"ನಾನೇನೂ ತಿನ್ನಲ್ಲ ಡಾಕ್ಟ್ರೇ" ಅನ್ನುವವರನ್ನು ಕಂಡು ನಗುವ ಡಾಕ್ಟರುಗಳಿದ್ದಾರೆ. ನಗಬಾರದು. 1992ರಲ್ಲಿ ನ್ಯೂಯಾರ್ಕಿನಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ ಅನ್ನುತ್ತಿದ್ದ ಕೆಲವರನ್ನು ಪರೀಕ್ಷಿಸಿದರು. ಅವರು ತಿಂದದ್ದನ್ನು ಸರಾಸರಿ ಅರ್ಧದಷ್ಟು ಕಡಿಮೆ ಬರೆದಿದ್ದರು, ಮಾಡಿದ ಓಡಾಟವನ್ನು ಅರ್ಧದಷ್ಟು ಹೆಚ್ಚು ಬರೆದಿದ್ದರು. ಸುಳ್ಳು ಹೇಳಿದವರು ಅವರಲ್ಲ. ಕೈ ಅಳತೆ ಹಾಗೇ ಇರುತ್ತದೆ. ಮಗು ಬಿಟ್ಟ ಅರ್ಧ ದೋಸೆ, ಒಗ್ಗರಣೆಗೆ ಬಾಟಲಿ ಬಗ್ಗಿಸಿ ಸುರಿದ ಎಣ್ಣೆ, ಸಂಘದ ಮೀಟಿಂಗಿನ ಟೀ, ಬಿಸ್ಕತ್ತು, ಇವು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ದಿನಕ್ಕೆ ನಾಲ್ಕು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 40 ಗ್ರಾಂ, ಬರೀ ಸಕ್ಕರೆಯಿಂದಲೇ 160 ಕ್ಯಾಲೊರಿ. ನಾನು ಆಗಲೇ ಹೇಳಿದ 150 ಇಲ್ಲೇ ಕೂತಿದೆ.

ಎಣ್ಣೆಗೆ ಒಂದು ಸುಲಭದ ಲೆಕ್ಕ ಇದೆ. ತಿಂಗಳಿಗೆ ಮನೆಗೆ ಎಷ್ಟು ಪ್ಯಾಕೆಟ್ ಬರುತ್ತದೆ, ಎಷ್ಟು ತಲೆ, ಭಾಗಿಸಿ. ನಾಲ್ಕು ಜನಕ್ಕೆ ನಾಲ್ಕು ಲೀಟರ್ ಅಂದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, 270 ಕ್ಯಾಲೊರಿ. ಅದನ್ನು ಎರಡು, ಎರಡೂವರೆ ಲೀಟರಿಗೆ ತಂದರೆ ಒಬ್ಬೊಬ್ಬರಿಗೆ ನೂರಕ್ಕೂ ಹೆಚ್ಚು ಕ್ಯಾಲೊರಿ ಉಳಿಯಿತು, ಯಾರ ತಟ್ಟೆಯೂ ಖಾಲಿ ಕಾಣುವುದಿಲ್ಲ. ಇದರ ಜೊತೆ ಆ ಅಕ್ಕ ಬೆಳಗ್ಗೆ ನಡೆಯುತ್ತಿದ್ದ ಮೂರು ಕಿಲೋಮೀಟರನ್ನು ಇಟ್ಟು ನೋಡಿ. 70 ಕಿಲೋ ತೂಕದವರು ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕ್ಯಾಲೊರಿ, ಮೂರಕ್ಕೆ 150. ಒಂದು ಸೌಟಿನ ತುದಿಯಲ್ಲಿ ಬರುವ ಎಣ್ಣೆ ಅದನ್ನು ನುಂಗಿಹಾಕುತ್ತದೆ. ನಡಿಗೆಯೊಂದರಿಂದಲೇ ತೂಕ ಇಳಿಸುತ್ತೇನೆ ಅನ್ನುವುದು ಹೊಂಡಕ್ಕೆ ಬಿಂದಿಗೆಯಲ್ಲಿ ನೀರು ತುಂಬಿಸಿದ ಹಾಗೆ. ಹಾಗಂತ ನಡಿಗೆ ಬಿಡುವ ಹಾಗಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ತಟ್ಟೆಗೆ ಬರೋಣ. ನಮ್ಮ ಕಡೆ ಒಂದು ಗಟ್ಟಿಯಾದ ನಂಬಿಕೆ ಇದೆ: ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ಇಳಿಯುತ್ತದೆ. ರಾಗಿ ಬಹಳ ಒಳ್ಳೆಯ ಧಾನ್ಯ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ, ನಾರು ಅಕ್ಕಿಯ ಮೂರು ನಾಲ್ಕು ಪಟ್ಟು ಇದೆ. ಆದರೆ ಕ್ಯಾಲೊರಿಯಲ್ಲಿ ನೂರು ಗ್ರಾಂ ಹಿಟ್ಟಿಗೆ ಸುಮಾರು 320, ನೂರು ಗ್ರಾಂ ಅಕ್ಕಿಗೆ ಸುಮಾರು 350. ದೊಡ್ಡ ವ್ಯತ್ಯಾಸ ಇಲ್ಲ. ಒಂದು ದಪ್ಪ ಮುದ್ದೆಗೆ ನೂರು ಗ್ರಾಂ ಹಿಟ್ಟು ಬೇಕು. ಎರಡು ಮುದ್ದೆ ನುಂಗಿ, ಮೇಲೆ "ಸ್ವಲ್ಪ ಅನ್ನ" ಉಂಡರೆ ರಾಗಿ ನಮ್ಮನ್ನು ಕಾಪಾಡುವುದಿಲ್ಲ. ಮುದ್ದೆ ಬಿಡಬೇಡಿ, ಸಣ್ಣದು ಕಟ್ಟಿ. ಹಿಟ್ಟನ್ನು ಒಂದೇ ಒಂದು ದಿನ ಅಂಗಡಿ ತಕ್ಕಡಿಯಲ್ಲಿ ತೂಗಿ ನೋಡಿ, ಆಮೇಲೆ ಕಣ್ಣಿಗೆ ಅಂದಾಜು ಸಿಗುತ್ತದೆ.

ಖಾಲಿಯಾದ ಜಾಗಕ್ಕೆ ಏನು ಹಾಕಬೇಕು? ಕಾಳು, ಸೊಪ್ಪು. ಇಲ್ಲಿ ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬಸ್ಸಾರು ನಮ್ಮ ಹಿರಿಯರು ಮಾಡಿದ ಪಕ್ಕಾ ಲೆಕ್ಕದ ಊಟ: ಬೇಯಿಸಿದ ನೀರು ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅವರೆ, ಅಲಸಂದೆ, ಕಡಲೆ, ಹೆಸರು ಎಲ್ಲವೂ ಆಸುಪಾಸು ಅಷ್ಟೇ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಪ್ರೋಟೀನ್ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹಸಿವು ತಡೆಯುತ್ತದೆ, ಸ್ನಾಯು ಕರಗದ ಹಾಗೆ ನೋಡಿಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಲೆಕ್ಕದಲ್ಲಿ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. (ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.)

ಇಲ್ಲಿ ಒಂದು ಮಾತು ಗಂಡಸರಿಗೆ. ಆ ಅಕ್ಕನ ಊಟದ ವಿಚಾರ ಕೇಳುತ್ತಾ ಕೇಳುತ್ತಾ ನನಗೆ ತಿಳಿದದ್ದು ಇದು. ಮನೆಯಲ್ಲಿ ಕಾಳು ಬೇಯುತ್ತದೆ, ಮೊಟ್ಟೆ ಬರುತ್ತದೆ, ಭಾನುವಾರ ಕೋಳಿಯೂ ಆಗುತ್ತದೆ. ಅವರು ಉಣ್ಣುವುದು ಕೊನೆಗೆ. ಮೊದಲು ಮಾವ, ಆಮೇಲೆ ಗಂಡ, ಆಮೇಲೆ ಮಕ್ಕಳು. ಸೌಟು ತಳ ಮುಟ್ಟುವ ಹೊತ್ತಿಗೆ ಕಾಳು ಮುಗಿದಿರುತ್ತದೆ, ತಿಳಿಸಾರು ಉಳಿದಿರುತ್ತದೆ. ಆ ತಿಳಿಸಾರಿಗೆ ಹೊಟ್ಟೆ ತುಂಬಬೇಕಾದರೆ ಮುದ್ದೆ, ಅನ್ನ ಹೆಚ್ಚು ಬೇಕೇಬೇಕು. ಉಳಿದದ್ದನ್ನು ಚೆಲ್ಲಬಾರದು ಅಂತ ಅದನ್ನೂ ಅವರೇ ತಿನ್ನುತ್ತಾರೆ. ಇವರಿಗೆ "ಪ್ರೋಟೀನ್ ಹೆಚ್ಚಿಸಿ ಅಮ್ಮ" ಅಂತ ಚೀಟಿ ಬರೆದುಕೊಟ್ಟರೆ ಏನು ಬಂತು? ನಾನು ಮಗನನ್ನು ಒಳಗೆ ಕರೆದು ಹೇಳಿದೆ, ಅಮ್ಮನ ಕಾಳನ್ನು ಬಸಿದ ತಕ್ಷಣ ಬೇರೆ ಬಟ್ಟಲಿಗೆ ಎತ್ತಿಡಪ್ಪ, ಆಮೇಲೆ ನೀವೆಲ್ಲ ಬಡಿಸಿಕೊಳ್ಳಿ ಅಂತ. ನನ್ನ ಅನುಭವದಲ್ಲಿ ನಮ್ಮ ಹಳ್ಳಿಯ ಹೆಂಗಸರ ತೂಕ ನಿಲ್ಲುವುದಕ್ಕೆ ಕೊನೆಗೆ ಉಣ್ಣುವುದು ಒಂದು ದೊಡ್ಡ ಕಾರಣ. ಒಟ್ಟಿಗೆ ಕೂತು ಉಣ್ಣುವ ಮನೆಗಳಲ್ಲಿ ಇದು ಅರ್ಧಕ್ಕರ್ಧ ಸರಿಹೋಗುತ್ತದೆ.

ಇನ್ನು ವ್ಯಾಯಾಮ. ತೂಕ ಇಳಿಸುವಾಗ ಹೋಗುವುದೆಲ್ಲ ಕೊಬ್ಬಲ್ಲ. ಬರೀ ಊಟ ಕಡಿಮೆ ಮಾಡಿ ಇಳಿಸಿದರೆ ಇಳಿದದ್ದರಲ್ಲಿ ಸುಮಾರು ಕಾಲುಭಾಗ ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗ. ನಲವತ್ತು ದಾಟಿದವರಿಗೆ ಸ್ನಾಯು ಹೋದರೆ ಸುಲಭಕ್ಕೆ ವಾಪಸ್ ಬರುವುದಿಲ್ಲ. ಸ್ನಾಯು ಕಡಿಮೆಯಾದರೆ ಖರ್ಚು ಇನ್ನಷ್ಟು ಕಡಿಮೆ, ಸಕ್ಕರೆ ಹೀರುವ ಜಾಗವೂ ಕಡಿಮೆ. ಅದಕ್ಕೇ ತೂಕ ನಿಂತಾಗ ಮೂರು ಕಿಲೋಮೀಟರನ್ನು ಆರು ಮಾಡುವುದಕ್ಕಿಂತ ವಾರಕ್ಕೆ ಎರಡು ದಿನ ಮೈಗೆ ಭಾರದ ಕೆಲಸ ಕೊಡುವುದು ಮೇಲು. ವಿಶ್ವ ಆರೋಗ್ಯ ಸಂಸ್ಥೆ ಕೂಡ ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆಯಂಥದ್ದರ ಜೊತೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಹೇಳುತ್ತದೆ.

ಅದಕ್ಕೆ ಜಿಮ್ ಎಲ್ಲಿದೆ ಅಂತ ಕೇಳಬೇಡಿ. ಹೋಂವರ್ಕ್ ಮಾಡದಿದ್ದರೆ ಈ ಶಾಲೆಯಲ್ಲಿ ನಮಗೆ ಏನು ಶಿಕ್ಷೆ ಇತ್ತು? ಬಸ್ಕಿ! ಇಲ್ಲಿ ನಗುತ್ತಿರುವವರೆಲ್ಲ ಹೊಡೆದವರೇ. ಈಗ ಪಟ್ಟಣದಲ್ಲಿ ದುಡ್ಡು ಕೊಟ್ಟು ಅದನ್ನೇ ಸ್ಕ್ವಾಟ್ ಅಂತ ಮಾಡುತ್ತಾರೆ. ಮಂಡಿ ನೋವಿದ್ದವರು ಪೂರ್ತಿ ಕೂರಬೇಡಿ. ಒಂದು ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಸ್ವಲ್ಪ ನಿಂತು ಮತ್ತೆ ಹತ್ತು. ಗೋಡೆಗೆ ಕೈಕೊಟ್ಟು ದಂಡೆ ಹೊಡೆಯಿರಿ. ಎರಡು ಕೈಯಲ್ಲಿ ಒಂದೊಂದು ಕ್ಯಾನ್ ನೀರು ಹಿಡಿದು ಅಂಗಳ ಸುತ್ತಿ. ಎರಡು ವಾರಕ್ಕೆ ಹಗುರ ಅನ್ನಿಸಿದರೆ ಸ್ವಲ್ಪ ಹೆಚ್ಚಿಸಿ. ಹಗುರವಾದದ್ದನ್ನೇ ವರ್ಷಗಟ್ಟಲೆ ಮಾಡಿದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಏರಿ ಮೇಲೆ ಹಾಡು ಹೇಳಿಕೊಂಡು ನಡೆಯಲು ಆಗುತ್ತಿದ್ದರೆ ನಡಿಗೆ ನಿಧಾನ ಅಂತ ಅರ್ಥ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆನೋವು, ಏದುಸಿರು ಬರುವವರು ಮೊದಲು ತೋರಿಸಿಕೊಳ್ಳಿ.

ಬೆಳಗ್ಗೆ ಮುಕ್ಕಾಲು ಗಂಟೆ ನಡೆದು, ದಿನವಿಡೀ ಅಂಗಡಿ ಗಲ್ಲಾದಲ್ಲಿ ಕೂತು, ಸಂಜೆ ಧಾರಾವಾಹಿ ಮುಂದೆ ಕೂತರೆ ಆ ನಡಿಗೆಯ ಫಲ ಅಲ್ಲೇ ಸೋರಿಹೋಗುತ್ತದೆ. ಊಟ ಕಡಿಮೆಯಾದಾಗ ಮೈ ತನಗೆ ತಾನೇ ಓಡಾಟವನ್ನೂ ಕಡಿಮೆ ಮಾಡಿಸುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಆದರೆ ದಿನವಿಡೀ ಕೂಲಿ ಮಾಡಿ, ಕಳೆ ಕಿತ್ತು, ಹೊರೆ ಹೊತ್ತು ಬರುವ ಹೆಂಗಸಿಗೆ "ವಾಕಿಂಗ್ ಮಾಡಿ" ಅನ್ನುವ ಡಾಕ್ಟರಿಗೆ ನನ್ನ ನಮಸ್ಕಾರ. ಅವರಿಗೆ ಬೇಕಾದ್ದು ನಿದ್ದೆ, ಹೊತ್ತಿಗೆ ಸರಿಯಾಗಿ ಊಟ.

ನಿದ್ದೆ ಅಂದೆ. ರಾತ್ರಿ ಹನ್ನೆರಡರವರೆಗೆ ಮೊಬೈಲು ಹಿಡಿದು ಐದಕ್ಕೆ ಏಳುವವರಿಗೆ ಮರುದಿನ ಹಸಿವು ಹೆಚ್ಚು. ಇದು ಗಂಡಸರಿಗೂ ಸೇರಿಸಿ ಹೇಳಿದ್ದು.

ಮುಳ್ಳು ನಿಂತಾಗಲೇ ಪುಡಿ ಡಬ್ಬದವರು ಮನೆಗೆ ಬರುವುದು. ಅವರು ಹೊರಗಿನವರಲ್ಲ, ನಮ್ಮ ನೆಂಟರೇ, ನಮ್ಮ ಬ್ಯಾಚಿನವರೇ, ಅದಕ್ಕೇ ಬೇಡ ಅನ್ನುವುದು ಕಷ್ಟ. ಒಂದು ಹೊತ್ತಿನ ಊಟದ ಬದಲು ಪುಡಿ ಕಲಸಿ ಕುಡಿದರೆ ತೂಕ ಇಳಿಯಬಹುದು, ಇಳಿಯುವುದು ಊಟ ತಪ್ಪಿದ್ದರಿಂದ. ಪುಡಿ ನಿಲ್ಲಿಸಿದ ದಿನ ಹಸಿವು ಬಾಕಿ ವಸೂಲಿಗೆ ಬರುತ್ತದೆ. ಅದೇ ದುಡ್ಡಿಗೆ ತಿಂಗಳಿಡೀ ಮನೆಮಂದಿಗೆಲ್ಲ ಮೊಟ್ಟೆ, ಕಾಳು ಬರುತ್ತದೆ. 2025ರಲ್ಲಿ ಹಸಿವು ಕಟ್ಟುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶದ ಅಂಗಡಿಗೂ ಬಂದಿವೆ. ಬಹಳ ತೂಕ, ಬಹಳ ತೊಂದರೆ ಇರುವವರಿಗೆ ನಿಜಕ್ಕೂ ಉಪಯೋಗದ ಔಷಧಿ. ಆದರೆ ಅದರಲ್ಲೂ ಒಂದು ವರ್ಷದ ಮೇಲೆ ತೂಕ ನಿಲ್ಲುತ್ತದೆ, ಬಿಟ್ಟರೆ ಹೆಚ್ಚಿನ ಪಾಲು ವಾಪಸ್ ಬರುತ್ತದೆ. ಡಾಕ್ಟರ ನಿಗಾ ಇಲ್ಲದೆ ಯಾರೂ ಅದಕ್ಕೆ ಕೈಹಾಕಬೇಡಿ.

ಹಾಗೆಯೇ ನಿಗಾ ಇಲ್ಲದೆ ದಿನಕ್ಕೆ 1,200 ಕ್ಯಾಲೊರಿಗಿಂತ ಕೆಳಗೆ ಊಟ ಇಳಿಸಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಒಂದು ಹೊತ್ತು ಬಿಡುವ ಮೊದಲು ಚೀಟಿ ತೋರಿಸಿ ಕೇಳಿ. ತೂಕ ಇಳಿದಾಗ ಮಾತ್ರೆಯನ್ನೂ ಇಳಿಸಬೇಕಾಗಬಹುದು, ಆ ಅಕ್ಕನಿಗೆ ಆಗಬೇಕಿದ್ದದ್ದು ಅದೇ. ತೂಕ ನಿಲ್ಲುವುದರ ಜೊತೆ ಸುಸ್ತು, ಚಳಿ ತಡೆಯಲಾಗದಿರುವುದು, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ನೋಡಿಸಿ. ಕಾಲು ಊದುತ್ತಿದ್ದರೆ ಅದು ತೂಕದ ಪ್ರಶ್ನೆಯೇ ಅಲ್ಲ, ತಡಮಾಡದೆ ಬನ್ನಿ. ಮಂಡಿನೋವಿಗೆ ಅಂತ ಸಂತೆಯಲ್ಲಿ ಕೊಂಡ ಪುಡಿ, ಮಾತ್ರೆ ಏನಿದ್ದರೂ ತಂದು ತೋರಿಸಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು, ಅದು ತೂಕ, ಸಕ್ಕರೆ ಎರಡನ್ನೂ ಏರಿಸುತ್ತದೆ.

ಹೈಸ್ಕೂಲಿನ ಹೆಣ್ಣುಮಕ್ಕಳೇ, ಈ ಭಾಷಣ ನಿಮಗಲ್ಲ. ಬೆಳೆಯುವ ವಯಸ್ಸಿನಲ್ಲಿ ಊಟ ಬಿಡಬೇಡಿ. ನಮ್ಮ ದೇಶದಲ್ಲಿ 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಜನಕ್ಕೆ ರಕ್ತಹೀನತೆ ಇದೆ. ಬಿಸಿಯೂಟ ಪೂರ್ತಿ ಉಂಡು, ಕೊಕ್ಕೊ ಆಡಿ.

ಈಗ, ಎಲ್ಲ ಮಾಡಿಯೂ ತೂಕ ನಿಂತೇ ಇದ್ದರೆ? ಮೊದಲು, ನಿಂತಿದೆ ಅಂತ ತೀರ್ಮಾನಿಸಲು ನಾಲ್ಕು ವಾರ ಕೊಡಿ. ವಾರಕ್ಕೊಂದೇ ದಿನ, ಬೆಳಗ್ಗೆ ಬರಿಹೊಟ್ಟೆಯಲ್ಲಿ, ಅದೇ ಯಂತ್ರದಲ್ಲಿ ನೋಡಿ. ದಿನಾ ಹತ್ತಿದರೆ ನಿನ್ನೆಯ ಉಪ್ಪಿನಕಾಯಿ ಹಿಡಿದಿಟ್ಟ ನೀರೂ ತೂಕವಾಗಿ ಕಾಣುತ್ತದೆ. ಜೊತೆಗೆ ದರ್ಜಿಯ ಟೇಪು ಹಿಡಿಯಿರಿ. ಭಾರದ ಕೆಲಸ ಮಾಡುವವರಲ್ಲಿ ಮುಳ್ಳು ನಿಂತಿದ್ದರೂ ಸೊಂಟ ಇಳಿಯುತ್ತಿರುತ್ತದೆ. ನಮ್ಮ ದೇಶದವರಿಗೆ ಸೊಂಟದ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಆಮೇಲೆ ಇದನ್ನು ಕೇಳಿ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ತೂಕದಲ್ಲಿ ನೂರಕ್ಕೆ 7 ಇಳಿಸುವ ಗುರಿ, ವಾರಕ್ಕೆ 150 ನಿಮಿಷದ ಚಟುವಟಿಕೆ ಕೊಟ್ಟರು. ಕಾಯಿಲೆ ಹತ್ತುವುದು ನೂರಕ್ಕೆ 58ರಷ್ಟು ತಗ್ಗಿತು. 78 ಕಿಲೋದಲ್ಲಿ ನೂರಕ್ಕೆ 7 ಅಂದರೆ ಐದೂವರೆ ಕಿಲೋ. 71ಕ್ಕೆ ಬಂದು "ಸೋತೆ" ಅಂತ ಅತ್ತ ನಮ್ಮ ಅಕ್ಕ ಆ ಗುರಿಯನ್ನು ಆಗಲೇ ದಾಟಿದ್ದರು. ಇನ್ನೊಂದು ನಮ್ಮ ನೆರೆಯ ಚೆನ್ನೈನದು, 2006ರಲ್ಲಿ ಪ್ರಕಟವಾದದ್ದು. ಅದೇ ರೀತಿ ಅಂಚಿನಲ್ಲಿದ್ದ 531 ಜನ. ಊಟ, ಓಡಾಟ ತಿದ್ದಿಕೊಂಡ ಗುಂಪಿನಲ್ಲಿ ಮೂರು ವರ್ಷದಲ್ಲಿ ಕಾಯಿಲೆ ಹತ್ತುವುದು ನೂರಕ್ಕೆ 28.5ರಷ್ಟು ಕಡಿಮೆಯಾಯಿತು. ಅವರ ತೂಕ ಎಷ್ಟು ಇಳಿದಿತ್ತು ಗೊತ್ತೇ? ಇಳಿದಿರಲೇ ಇಲ್ಲ ಅನ್ನಬಹುದು. ಮುಳ್ಳು ಅಲ್ಲಾಡದೆಯೇ ಒಳಗೆ ಕೆಲಸ ನಡೆದಿತ್ತು. ನಡಿಗೆ ಬಿಡಬೇಡಿ ಅಂತ ನಾನು ಆಗ ಹೇಳಿದ್ದು ಇದಕ್ಕೇ.

ಆ ಅಕ್ಕನಿಗೆ ಮಾತ್ರೆ ಬದಲಾಯಿಸಿದೆವು. ರಾತ್ರಿ ಊಟ ವಾಪಸ್ ಬಂತು: ಸಣ್ಣ ಮುದ್ದೆ, ಬಟ್ಟಲು ತುಂಬ ಕಾಳು ಸೊಪ್ಪು, ಮಜ್ಜಿಗೆ. ವಾರಕ್ಕೆ ಎರಡು ದಿನ ಕುರ್ಚಿ ಬಸ್ಕಿ. ಹತ್ತು ತಿಂಗಳಲ್ಲಿ ಇಳಿದದ್ದು ಎರಡೇ ಕಿಲೋ, ಸೊಂಟ ಮಾತ್ರ 6 ಸೆಂಟಿಮೀಟರ್ ಇಳಿದಿದೆ. ಸಕ್ಕರೆ ಹಿಡಿತದಲ್ಲಿದೆ. 60ಕ್ಕೆ ಬರಬೇಕು ಅಂತ ಈಗಲೂ ಹಟ ಇದೆ. ನಾನು ಬೇಡ ಅಂತಲೂ ಹೇಳಿಲ್ಲ, ಆಗುತ್ತದೆ ಅಂತಲೂ ಹೇಳಿಲ್ಲ. 69ರಲ್ಲೇ ಒಂದು ವರ್ಷ ಹಿಡಿದು ನಿಲ್ಲಿಸಿ ತೋರಿಸಿ, ಆಮೇಲೆ ಮಾತಾಡೋಣ ಅಂದಿದ್ದೇನೆ. ಇಳಿಸುವುದಕ್ಕಿಂತ ಹಿಡಿದು ನಿಲ್ಲಿಸುವುದು ಕಷ್ಟ.

ಹಳೆಯ ವಿದ್ಯಾರ್ಥಿ ಸಂಘದವರಲ್ಲಿ ಒಂದು ಕೋರಿಕೆ. ಏರಿ ಮೇಲೆ ಈಗ ಟಿಪ್ಪರ್ ಓಡಾಡುತ್ತವೆ, ಬೆಳಗಿನ ಜಾವ ಹೆಂಗಸರು ಅಲ್ಲಿಗೆ ಹೋಗಲು ಹೆದರುತ್ತಾರೆ. ನಮ್ಮ ಶಾಲೆಯ ಮೈದಾನ ಊರ ನಡುವೆ ಇದೆ, ಸುತ್ತ ಕಾಂಪೌಂಡ್ ಇದೆ, ಗೇಟಿಗೆ ಬೀಗವೂ ಇದೆ. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಆ ಬೀಗ ತೆಗೆಯಲು ಮುಖ್ಯೋಪಾಧ್ಯಾಯರು ಒಪ್ಪಿದರೆ, ಮೂಲೆಯಲ್ಲಿ ಒಂದು ದೀಪ ಹಾಕಿಸಿದರೆ, ಸುವರ್ಣ ಮಹೋತ್ಸವದ ಲೆಕ್ಕದಲ್ಲಿ ಉಳಿಯುವ ಹಣಕ್ಕೆ ಅದು ಒಳ್ಳೆಯ ಖರ್ಚು. ಕೀಲಿ ಯಾರ ಹತ್ತಿರ ಇರಬೇಕು ಅನ್ನುವುದನ್ನು ಇವತ್ತೇ ಮಾತಾಡಿ ಮುಗಿಸೋಣ.

ಎಂಟನೇ ತರಗತಿ ಕೋಣೆಯ ಮುಂದೆ ತೂಕದ ಯಂತ್ರ, ಟೇಪು, ಬಿಪಿ ನೋಡುವ ಸಾಧನ ಇಟ್ಟಿದ್ದೇವೆ. ಸಂಜೆ ಐದರವರೆಗೆ ನಾನು ಅಲ್ಲೇ ಇರುತ್ತೇನೆ. ಮಾತ್ರೆ ಚೀಟಿ ಮನೆಯಲ್ಲಿ ಬಿಟ್ಟು ಬಂದವರು ಹೋಗಿ ತೆಗೆದುಕೊಂಡು ಬನ್ನಿ.